ಕತ್ತರಿಸಿ ತೆಗೆದ ಸಾಲು

ಮಿಲ್ವಾಕೀಯ ಹೆಂಗಸು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಉಳಿದವರೆಲ್ಲ ಬಿಟ್ಟಿದ್ದರು. ಭಾನುವಾರ ಸಂಜೆ ಎಂಟೂವರೆಗೆ ಕಾರ್ಟೂನ್ ಧಾರಾವಾಹಿಯ ಕಂತು ಮುಗಿದದ್ದೇ ತಡ, ದೇಶದ ಮೂಲೆಮೂಲೆಯಿಂದ ಜನ ಇಂಟರ್‌ನೆಟ್ಟಿನ ಆ ಅಭಿಪ್ರಾಯ ಫಲಕಕ್ಕೆ ಮುಗಿಬಿದ್ದು, ಶಾಲೆಯ ಮೇಷ್ಟರ ಹಾಗೆ ಎ ಇಂದ ಎಫ್‌ವರೆಗೆ ದರ್ಜೆ ಕೊಟ್ಟು, ಸೋಮವಾರ ಬೆಳಿಗ್ಗೆ ಏಳರ ಹೊತ್ತಿಗೆ ನೂರಾ ನಲವತ್ತು ಅಭಿಪ್ರಾಯ ಪೇರಿಸಿಟ್ಟಿದ್ದರು. ಡೆನ್ನಿಸ್ ಪಾವ್ಲಕ್ ಬರ್‌ಬ್ಯಾಂಕಿನ ತನ್ನ ಬಾಡಿಗೆ ಮನೆಯಲ್ಲಿ, ಅಡುಗೆಮೇಜಿನ ಮುಂದೆ ಪೈಜಾಮದಲ್ಲೇ ಕೂತು, ಒಂದನ್ನೂ ಬಿಡದೆ ಓದುತ್ತಿದ್ದ. ಆ ಕಾರ್ಟೂನ್ ಧಾರಾವಾಹಿಯ ಯಜಮಾನ ಹ್ಯಾಲ್ ಒಸ್ಟ್ರೋವ್ ತನ್ನ ಬರಹಗಾರರಿಗೆಲ್ಲ ಮೊದಲ ದಿನವೇ ಹೇಳಿದ್ದ: ಆ ಫಲಕ ಓದಿದರೆ ನಿಮ್ಮ ಹಣೆಬರಹ, ಆದರೆ ಅಲ್ಲಿ ಒಂದಕ್ಷರ ಬರೆದರೆ ನೆಟ್ಟಗೆ ಮನೆಗೆ. ಡೆನ್ನಿಸ್ ಬರೆದವನಲ್ಲ, ಓದುವವನು. ಹಲ್ಲುನೋವಿದ್ದವನ ನಾಲಿಗೆ ಮತ್ತೆ ಮತ್ತೆ ಅದೇ ಹಲ್ಲಿಗೆ ಹೋಗುವಂತೆ ಓದುತ್ತಿದ್ದ.

'ಸೋಫಾ ಸಾಮ್ರಾಟ' ಎಂಬವನು ಬರೆದಿದ್ದ: "ಹೈಸ್ಕೂಲಲ್ಲಿ ಈ ಕಾದಂಬರಿ ಓದು ಓದು ಅಂತ ಜೀವ ತಿಂದಿದ್ರು. ಇಪ್ಪತ್ತೆರಡು ನಿಮಿಷದಲ್ಲಿ ಮುಗಿಸಿಕೊಟ್ಟಿದ್ದಕ್ಕೆ ಎ." ಇನ್ನೊಬ್ಬ: "ಬಾತುಕೋಳಿ ಜೋಕು ಮೂರು ಸಲ ಬಂತು. ಒಂದು ಸಲವೇ ಜಾಸ್ತಿ. ಸಿ." ಮತ್ತೊಬ್ಬ: "ಮೊದಲ ಇಪ್ಪತ್ತು ನಿಮಿಷ ಸಿ, ಕೊನೇ ಎರಡು ನಿಮಿಷ ಎ ಪ್ಲಸ್. ಹೆಂಡತಿ ಎದುರಿಗೇ ಅತ್ತುಬಿಟ್ಟೆ. ಇನ್ನು ಮನೇಲಿ ನನ್ನ ಮರ್ಯಾದೆ ಮುಗೀತು." ಬಾತುಕೋಳಿ ಡೆನ್ನಿಸ್‌ನದು. ಮೂರು ಸಲವೂ ಅವನದೇ. ಮೊದಲ ಇಪ್ಪತ್ತು ನಿಮಿಷದಲ್ಲಿ ಅವನದು ಅಂತ ಇನ್ನೂ ಒಂದಷ್ಟಿತ್ತು, ಅದನ್ನು ಯಾರೂ ಹೊಗಳಿರಲಿಲ್ಲ, ತೆಗಳಿರಲೂ ಇಲ್ಲ. ಕೊನೆಯ ಎರಡು ನಿಮಿಷದ ಬಗ್ಗೆ ಮಾತ್ರ ಪುಟಗಟ್ಟಲೆ. "ಈ ಪಾವ್ಲಕ್ ಯಾರು? ಇಷ್ಟು ದಿನ ಎಲ್ಲಿ ಅವಿತಿದ್ದ?" ಎಂದು ಟೆಕ್ಸಸ್ಸಿನಿಂದ ಯಾರೋ ಕೇಳಿದ್ದರು. ಎಲ್ಲಿ ಅವಿತಿದ್ದಾನೆಂದು ಡೆನ್ನಿಸ್‌ಗೆ ಚೆನ್ನಾಗಿ ಗೊತ್ತಿತ್ತು. ಕೊನೆಯ ಎರಡು ನಿಮಿಷ ಅವನದಲ್ಲ. ಆ ಎರಡು ನಿಮಿಷವನ್ನು ಅವನು ಟಿ.ವಿ.ಯಲ್ಲಿ ನೋಡಿಯೂ ಇರಲಿಲ್ಲ. ಅದು ಬರುವ ಹೊತ್ತಿಗೆ ಎದ್ದು ಕಸದ ಡಬ್ಬ ಹೊರಗಿಡಲು ಹೋಗಿದ್ದ. ಡಬ್ಬ ಅರ್ಧವೂ ತುಂಬಿರಲಿಲ್ಲ.

ಕಾದಂಬರಿ 'ಮಾರ್ಷ್‌ಗೇಟಿನ ಅಂಬಿಗ', ಏಳುನೂರು ಪುಟ. ಅಮೆರಿಕದ ಮಕ್ಕಳಿಗೆಲ್ಲ ಹದಿನಾರನೆಯ ವಯಸ್ಸಿನಲ್ಲಿ ಕಡ್ಡಾಯ ಕಷಾಯ. ತನ್ನ ಮನೆಮಠ ಹಾಳುಮಾಡಿದ ಸಾಹುಕಾರನನ್ನು ಒಬ್ಬ ಅಂಬಿಗ ಹತ್ತೊಂಬತ್ತು ವರ್ಷ ದಿನಾ ಹೊಳೆ ದಾಟಿಸುತ್ತಾನೆ. ಸಾಹುಕಾರನಿಗೆ ಅವನ ಗುರುತೇ ಸಿಗುವುದಿಲ್ಲ. ಧಾರಾವಾಹಿಯ ಪೆದ್ದು ಅಪ್ಪ, ಕಾರು ತೊಳೆಯುವ ಅಂಗಡಿಯ ಗಸ್, ಈ ಕಂತಿನಲ್ಲಿ ಅಂಬಿಗನಾಗಿದ್ದ. ಎದುರು ಅಂಗಡಿಯವನು ಸಾಹುಕಾರ. ಇಪ್ಪತ್ತು ನಿಮಿಷ ಬಿದ್ದೂ ಎದ್ದೂ ನಗಿಸಿ, ಕೊನೆಗೆ ದೋಣಿಯಲ್ಲಿ ಸಾಹುಕಾರ ಕೇಳುತ್ತಾನೆ, ನಿನ್ನನ್ನೆಲ್ಲೋ ನೋಡಿದ ಹಾಗಿದೆಯಲ್ಲ? ಆಮೇಲೆ ಸದ್ದೇ ಇಲ್ಲ, ಅಂಬಿಗ ಹುಟ್ಟು ಹಾಕುತ್ತಿರುತ್ತಾನೆ. ಬೇರೇನಿಲ್ಲ. ಅದು ರೊಬರ್ಟಾ ಟ್ರಾಸ್ಕ್ ಬರೆದದ್ದು. ಅವಳು ಈಗ ಅಲ್ಲಿ ಕೆಲಸದಲ್ಲಿಲ್ಲ.

ಇಲ್ಲಿ ಯಾರೂ ಕದ್ದಿರಲಿಲ್ಲ, ಅದೇ ಕಷ್ಟ. ಕದ್ದಿದ್ದರೆ ಒಪ್ಪಿಕೊಳ್ಳಬಹುದಿತ್ತು. ಹನ್ನೊಂದು ಜನ ಬರಹಗಾರರು ಕಿಟಕಿಯಿಲ್ಲದ ಕೋಣೆಯಲ್ಲಿ ಉದ್ದ ಮೇಜಿನ ಸುತ್ತ ಕೂತು ಎಲ್ಲ ಕಂತುಗಳನ್ನೂ ಕೂಡಿ ಬರೆಯುತ್ತಾರೆ. ಪರದೆಯ ಮೇಲೆ ಮಾತ್ರ ಸರದಿಯಂತೆ ಒಬ್ಬೊಬ್ಬರ ಹೆಸರು. ಒಂದು ಕಂತಿಗೆ ನಿನ್ನದು, ಮುಂದಿನದಕ್ಕೆ ನನ್ನದು. ಒಳ್ಳೆಯ ಜೋಕು ಹೇಳಿದವನು ಅದು ನನ್ನದು ಅಂತ ಹಕ್ಕು ಸಾಧಿಸಿದರೆ ಆ ಮೇಜಿನಲ್ಲಿ ಅದಕ್ಕಿಂತ ಅಸಹ್ಯ ಬೇರೆ ಇಲ್ಲ. ಅಂಬಿಗನ ಕಂತಿಗೆ ಸರದಿ ಡೆನ್ನಿಸ್‌ನದಾಗಿತ್ತು, ಅಷ್ಟೆ. ಕೊನೆಯ ಭಾಗ ಎಷ್ಟು ಎಳೆದರೂ ಸರಿಹೋಗದೆ, ಹ್ಯಾಲ್ ಅವನನ್ನೂ ರೊಬರ್ಟಾಳನ್ನೂ ಪಕ್ಕದ ಚಿಕ್ಕ ಕೋಣೆಗೆ ಎರಡು ದಿನ ಕಳಿಸಿದ. ಡೆನ್ನಿಸ್ ಗೋಡೆಗೆ ಚೆಂಡು ಹೊಡೆಯುತ್ತ ಬಾತುಕೋಳಿಯನ್ನು ನಾಲ್ಕನೆಯ ಸಲ ತರುವ ದಾರಿ ಹುಡುಕುತ್ತಿದ್ದ. ರೊಬರ್ಟಾ ಕನ್ನಡಕ ಹಣೆಗೇರಿಸಿ, ಅವನ ಎದುರಿಗೇ, ಹಳದಿ ಕಾಗದದ ಮೇಲೆ ಪೆನ್ಸಿಲಿನಲ್ಲಿ ಗೀಚುತ್ತಿದ್ದಳು. "ಚೆಂಡು ನಿಲ್ಸೋ ಮಾರಾಯ, ಇಲ್ಲಾಂದ್ರೆ ಅದನ್ನೇ ನಿಂಗೆ ತಿನ್ನಿಸ್ತೀನಿ," ಅಂದಳು. ಎರಡನೆಯ ದಿನ ಮಧ್ಯಾಹ್ನ ಹಾಳೆಗಳನ್ನು ಅವನತ್ತ ತಳ್ಳಿದಳು. ಅವನು ಓದಿದ. ಮತ್ತೊಮ್ಮೆ ಓದಬೇಕು ಅನ್ನಿಸಿತು. ಹರಿದುಹಾಕಬೇಕು ಅಂತಲೂ ಅನ್ನಿಸಿತು. ಎರಡೂ ಒಂದೇ ಕ್ಷಣದಲ್ಲಿ ಆದದ್ದನ್ನು ಅವನು ಯಾರಿಗೂ ಹೇಳಿಲ್ಲ. ಕಂತಿನ ಮೇಲೆ ಯಾರ ಹೆಸರಿದೆಯೋ ಅವರೇ ದೊಡ್ಡ ಮೇಜಿನಲ್ಲಿ ಓದಬೇಕು, ಅದು ಪದ್ಧತಿ. ಅವನು ಓದಿದ. ಸಾಹುಕಾರ ಗುರುತು ಕೇಳಿದಾಗ ಅಂಬಿಗ ಅನ್ನುತ್ತಾನೆ: "ಹತ್ತೊಂಬತ್ತು ವರ್ಷ ನನ್ನೆದುರಿಗೇ ಕೂತಿದ್ರಿ ಸಾರ್. ನೀವು ನೋಡಿದ್ದು ದಡಾನ." ಆಮೇಲೆ ಹಾಳೆಯಲ್ಲಿ 'ಮೌನ' ಎಂದಷ್ಟೇ ಇತ್ತು. ಮೇಜಿನ ಸುತ್ತ ಯಾರೂ ನಗಲಿಲ್ಲ, ಚಿಪ್ಸ್ ಪೊಟ್ಟಣದೊಳಗಿದ್ದ ಕೈ ಅಲ್ಲೇ ನಿಂತಿತು. "ಇದೇ ಕಣೋ," ಅಂದ ಹ್ಯಾಲ್, "ಇದೇ ಬೇಕಾಗಿದ್ದು. ಶಭಾಷ್ ಡೆನ್ನಿಸ್." ಡೆನ್ನಿಸ್ ರೊಬರ್ಟಾಳ ಕಡೆ ನೋಡಿದ. ಅವಳು ಪೆನ್ಸಿಲಿನ ತುದಿ ನೋಡುತ್ತಿದ್ದಳು. ಒಂದು ಮಾತು ಹೇಳಲು ಎರಡು ಸೆಕೆಂಡು ಸಾಕಿತ್ತು, ಆ ಎರಡು ಸೆಕೆಂಡು ಕಳೆದುಹೋದವು, ಊಟದ ಪೊಟ್ಟಣಗಳು ಬಂದವು, ಯಾರಿಗೆ ಯಾವ ಸ್ಯಾಂಡ್‌ವಿಚ್ ಅನ್ನುವ ಗದ್ದಲ ಎದ್ದಿತು.

ಆರು ತಿಂಗಳಾದ ಮೇಲೆ ಸ್ಟುಡಿಯೋದವರು ಒಂದು ತಲೆ ಕಡಿಮೆ ಮಾಡಿ ಅಂದರು. ಹ್ಯಾಲ್ ಅವನನ್ನು ಕರೆದು ಬಾಗಿಲು ಹಾಕಿ ಹೇಳಿದ್ದ: "ನೀನು, ಇಲ್ಲಾಂದ್ರೆ ರೊಬರ್ಟಾ. ನನಗೆ ಯೋಚ್ನೆ ಮಾಡೋದೇ ಬೇಕಾಗ್ಲಿಲ್ಲ. ಆ ದೋಣಿ ಸೀನು ಬರೆದೋನ್ನ ನಾನು ಹೆಂಗ್ ಬಿಡ್ಲಿ?" ಡೆನ್ನಿಸ್ ಆಗ ಥ್ಯಾಂಕ್ಸ್ ಅಂದ. ನಾಲ್ಕು ತಿಂಗಳಿಂದ ಸ್ನಾನ ಮಾಡುವಾಗ, ಹಲ್ಲುಜ್ಜುವಾಗ, ಸಿಗ್ನಲ್ಲಿನಲ್ಲಿ ನಿಂತಾಗ ಆ ಥ್ಯಾಂಕ್ಸ್ ಅವನ ಕಿವಿಗೆ ಬೀಳುತ್ತಿತ್ತು. ಈಗ ಪರದೆಯ ಮೇಲೆ ಎ ಪ್ಲಸ್ಸುಗಳು ಒಂದರ ಮೇಲೊಂದು ಬರುತ್ತಿದ್ದಂತೆ ಅವನಿಗೆ ಇದು ನಿಲ್ಲಬೇಕು, ಯಾರಾದರೂ ನಿಲ್ಲಿಸಬೇಕು ಅನ್ನಿಸಿತು. ಮಿಲ್ವಾಕೀಯ ಹೆಂಗಸು ನಿವೃತ್ತ ಲೈಬ್ರರಿಯನ್, ಫಲಕದಲ್ಲಿ ಅವಳ ಮಾತಿಗೆ ಬಹಳ ತೂಕ, ಅವಳಾದರೂ ಬಂದು ಇವನ ಮುಖವಾಡ ಕಿತ್ತು ಡಿ ಕೊಟ್ಟುಹೋದರೆ ಒಂದು ನಮೂನೆ ನೆಮ್ಮದಿ. ಅವಳು ಬರಲಿಲ್ಲ. ಅವನ ಬೆರಳುಗಳೇ 'ಸಾಮಾನ್ಯ ಪ್ರೇಕ್ಷಕ' ಎಂದು ಹೊಸ ಹೆಸರೊಂದನ್ನು ನೋಂದಾಯಿಸಿ ಬರೆಯತೊಡಗಿದವು: "ಡಿ. ಇಷ್ಟು ಹೊಗಳುವಂಥದ್ದು ಏನಿದೆ? ಹೆಸರು ಹಾಕಿಕೊಂಡವನ ಬಂಡವಾಳ ಬಾತುಕೋಳಿಯಲ್ಲೇ ಗೊತ್ತಾಯಿತು. ಇಡೀ ಕಂತಿನಲ್ಲಿ ನಿಜವಾದದ್ದು ಒಂದೇ ಮಾತು, ಮೌನಕ್ಕೆ ಮುಂಚೆ ಅಂಬಿಗ ಹೇಳುತ್ತಾನಲ್ಲ, 'ಹತ್ತೊಂಬತ್ತು ವರ್ಷ ನನ್ನೆದುರಿಗೇ ಕೂತಿದ್ರಿ ಸಾರ್. ನೀವು ನೋಡಿದ್ದು ದಡಾನ.' ಆ ಸಾಲು ಬರೆದವರಿಗೆ ನಮಸ್ಕಾರ. ಉಳಿದದ್ದೆಲ್ಲ ಗದ್ದಲ." ಕಳಿಸಿಬಿಟ್ಟ. ಎದೆ ಹಗುರಾಯಿತು. ಯಾರಿಗೂ ಗೊತ್ತಾಗದ ಹಾಗೆ, ಯಾವ ಹೆಸರೂ ಇಲ್ಲದೆ, ಕೊನೆಗೂ ಸಲ್ಲಬೇಕಾದವರಿಗೆ ಒಂದು ನಮಸ್ಕಾರ ಸಲ್ಲಿಸಿದೆ ಅಂದುಕೊಂಡ. ಹೇಡಿಗಳ ಪ್ರಾಯಶ್ಚಿತ್ತಕ್ಕೆ ಖರ್ಚು ಕಡಿಮೆ.

ಫೋನಿನ ತಂತಿಗೇ ಜೋಡಿಸಿದ್ದ ಇಂಟರ್‌ನೆಟ್ ಕಡಿದದ್ದೇ ಫೋನು ಹೊಡೆದುಕೊಂಡಿತು. ಟೊಲೀಡೊದಿಂದ ಅಮ್ಮ. "ಬೆಳಿಗ್ಗೆಯಿಂದ ನಿನ್ನ ಫೋನು ಎಂಗೇಜು. ಯಾರ ಜೊತೆ ಹರಟೆ?" ಅಂದಳು. "ನಿನ್ನ ಹೆಸರು ನೋಡ್ದೆ ಕಣೋ. ಪಕ್ಕದ್ಮನೆ ವಾಂಡಾನ್ನೂ ಕರೆದಿದ್ದೆ. ಕೊನೇಲಿ ಶಬ್ದಾನೇ ನಿಂತೋಯ್ತಲ್ಲ, ಟಿ.ವಿ. ಕೆಟ್ಟೋಯ್ತು ಅಂತ ವಾಂಡಾ ಎದ್ದು ತಲೆಮೇಲೆ ಎರಡು ಗುದ್ದಿದ್ಲು. ಆಮೇಲೆ ಅವನು ಹುಟ್ಟು ಹಾಕೋದು ಕಾಣಿಸ್ತು ನೋಡು, ಇಬ್ರೂ ಅತ್ವಿ. ನಿಮ್ಮಪ್ಪ ಫ್ಯಾಕ್ಟ್ರಿ ಬಸ್ಸು ಓಡಿಸ್ತಿದ್ನಲ್ಲ, ಅವನನ್ನೇ ಬರ್ದಿದೀಯ ಅಲ್ವಾ?" ಡೆನ್ನಿಸ್ ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದ. "ಹೇಳೋ, ಅಪ್ಪನೇ ತಾನೇ? ವಾಂಡಾಗೆ ಹೇಳ್ಬಿಟ್ಟಿದೀನಿ." "ಹೂಂ ಅಮ್ಮ," ಅಂದ. ಇಪ್ಪತ್ತಾರು ವರ್ಷ ಫ್ಯಾಕ್ಟರಿಯ ಕೂಲಿಗಳನ್ನು ಹೊತ್ತು ತಿರುಗಿದ ಅಪ್ಪನನ್ನೂ ಈಗ ಇದಕ್ಕೆ ಎಳೆದುಕೊಂಡಾಯಿತು. ಆಫೀಸಿನ ದಾರಿಯಲ್ಲಿ, ಸಿಗ್ನಲ್ಲಿನಲ್ಲಿ ನಿಂತಾಗ, ತಾನು ಅಪ್ಪನ ಬಗ್ಗೆ ಈ ಜನ್ಮದಲ್ಲಿ ಒಂದು ಸಾಲೂ ಬರೆದಿಲ್ಲವಲ್ಲ ಅನ್ನಿಸಿ, ಮುಂದಿನ ಕಾರು ಹೊರಟರೂ ಗೊತ್ತಾಗದೆ, ಹಿಂದಿನವರಿಂದ ಹಾರನ್ ಮಾಡಿಸಿಕೊಂಡ.

ಆಫೀಸಿನಲ್ಲಿ ಕಾಫಿಯಂತ್ರದ ಹತ್ತಿರ ಇಬ್ಬರು ಬೆನ್ನು ತಟ್ಟಿದರು. ತನ್ನ ಗೂಡು ಸೇರಿ ಬಾಗಿಲು ಹಾಕಿಕೊಂಡ ಮೇಲೆ ರೊಬರ್ಟಾಳ ಫೋನು ಬಂತು. ನಾಲ್ಕು ತಿಂಗಳಲ್ಲಿ ಅವಳು ಮಾಡಿದ್ದು ಎರಡನೆಯ ಸಲ. ದನಿ ಕೇಳಿದ್ದೇ ಅವನು ಎದ್ದು ನಿಂತ, ಯಾಕೆಂದು ಅವನಿಗೂ ಗೊತ್ತಿಲ್ಲ. "ಹನ್ನೊಂದು ಸೆಕೆಂಡು ಮೌನ ಕಣೋ!" ಅಂದಳು ಅವಳು. "ಗಡಿಯಾರ ಹಿಡ್ಕೊಂಡು ಎಣಿಸ್ದೆ. ನಾನು ಬರೆದಿದ್ದು ಒಂಬತ್ತು. ಹ್ಯಾಲ್‌ಗೆ ಇಷ್ಟು ಧೈರ್ಯ ಎಲ್ಲಿಂದ ಬಂತು?" ನಕ್ಕಳು. ಅವಳ ನಗುವಿನ ಹಿಂದೆ ಯಾವುದೋ ಯಂತ್ರದ ಸದ್ದು, ವಾರೆನ್‌ನದು. ಅವಳ ಗಂಡನಿಗೆ ಮೂತ್ರಪಿಂಡ ಹೋಗಿ ಮನೆಯಲ್ಲೇ ರಕ್ತ ಸೋಸುವುದು ನಡೆದಿತ್ತು. "ವಾರೆನ್ ಕೇಳ್ದ, ಇದು ನಿಂದಲ್ವೇನೇ ಅಂತ. ಕೋಣೇಲಿ ಹುಟ್ಟಿದ್ದು ಎಲ್ರದೂ, ಸುಮ್ನಿರು ಅಂದೆ." ಯಂತ್ರದ ಸದ್ದು ಕೊಂಚ ದೂರವಾಯಿತು. "ಡೆನ್ನಿಸ್, ಒಂದು ಉಪಕಾರ. ಆ ಕೆಳಗಿನ ಅಂತಸ್ತಿನ ಹೊಸ ಧಾರಾವಾಹಿಯೋರು ಇವತ್ತು ತೀರ್ಮಾನ ಮಾಡ್ತಾರಂತೆ. ನನ್ನ ಹೆಸರೊಂದೇ ಉಳ್ದಿರೋದು. ಹ್ಯಾಲ್ ಒಂದು ಮಾತು ಹೇಳಿದ್ರೆ ಆಯ್ತು, ಹೇಳ್ತೀನಿ ಅಂದಿದಾನೆ. ಮರೀತಾನೆ ಮುಂಡೇದು. ಕೊಂಚ ನೆನಪು ಮಾಡ್ತೀಯಾ? ತಿಂಗಳ ಕೊನೆಗೆ ಹಳೇ ಕೆಲಸದ ಜೊತೆ ಬಂದಿದ್ದ ವಿಮೆ ನಿಂತೋಗುತ್ತೆ. ಆಮೇಲೆ ಈ ಮಿಶಿನ್ನು ವಾಪಸ್ ತಗೊಂಡು ಹೋಗ್ತಾರೆ, ವಾರೆನ್‌ನ ಇಟ್ಕೊಂಡು ನಾನೇನ್ ಮಾಡ್ಲಿ?" ಅದನ್ನೂ ಜೋಕಿನಂತೆಯೇ ಹೇಳಿದಳು. ಡೆನ್ನಿಸ್ ಹೇಳ್ತೀನಿ, ಖಂಡಿತ ಹೇಳ್ತೀನಿ ಅಂದ. ಮನಸ್ಸಿನಿಂದಲೇ ಅಂದ. ಇಷ್ಟಾದರೂ ಮಾಡಿದರೆ ಲೆಕ್ಕ ಚುಕ್ತಾ ಎಂದು ಒಳಗೊಬ್ಬ ಕೈ ಉಜ್ಜಿಕೊಳ್ಳುತ್ತಿದ್ದ. "ಆಮೇಲೆ, ಆ ಸಾಲು ತೆಗೆದಿದ್ದು ಹ್ಯಾಲ್ ಮಾಡಿದ ಒಳ್ಳೇ ಕೆಲಸ," ಅಂದಳು ರೊಬರ್ಟಾ ಫೋನಿಡುವ ಮುಂಚೆ. "ನಾನು ಅದಕ್ಕಾಗಿ ಅಷ್ಟು ಜಗಳ ಆಡಿದ್ನಲ್ಲ, ನಿನ್ನೆ ನೋಡಿದ್ಮೇಲೆ ನಾಚ್ಕೆ ಆಯ್ತು. ಮಾತೇ ಬೇಡ ಅಲ್ಲಿ."

ಯಾವ ಸಾಲು ಎಂದು ಅವನು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ. ಕಂತೊಂದು ಬರೆದು ಚಿತ್ರವಾಗಿ ಟಿ.ವಿ.ಗೆ ಬರಲು ಹತ್ತು ತಿಂಗಳು ಬೇಕು, ಅಷ್ಟರಲ್ಲಿ ಇಪ್ಪತ್ತು ಸಲ ತಿದ್ದಿರುತ್ತಾರೆ, ಬರೆದವರ ತಲೆಯಲ್ಲಿ ಮಾತ್ರ ಇಪ್ಪತ್ತೂ ಒಟ್ಟಿಗೇ ಬದುಕಿರುತ್ತವೆ. ಕರಡು ಚಿತ್ರಗಳನ್ನು ಜೋಡಿಸಿ ನೋಡಿದ ದಿನ ಹ್ಯಾಲ್ ಆ ಮಾತನ್ನು ಕತ್ತರಿಸಿದ್ದ. ರೊಬರ್ಟಾ ಮೇಜು ಬಡಿದು ಜಗಳವಾಡಿದ್ದಳು. ಡೆನ್ನಿಸ್ ಎದುರಿಗೇ ಇದ್ದ. ಎಲ್ಲ ಈಗ ಸ್ಪಷ್ಟವಾಗಿ ನೆನಪಾಯಿತು, ಅವಳ ಬಳೆ ಮೇಜಿಗೆ ತಾಗಿದ ಸದ್ದಿನ ಸಮೇತ. ಕಸದ ಡಬ್ಬ ಇಡಲು ಹೋಗದೆ ಕೂತು ನೋಡಿದ್ದರೂ ಸಾಕಿತ್ತು. ಫಲಕ ತೆರೆದ. ಬರೆದದ್ದನ್ನು ಅಳಿಸಲು ಅಲ್ಲಿ ದಾರಿಯಿರಲಿಲ್ಲ. ಒಮ್ಮೆ ಹಾಕಿದ್ದು ಹಾಕಿದ್ದೇ ಎಂದು ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದರು. 'ಸಾಮಾನ್ಯ ಪ್ರೇಕ್ಷಕ'ನ ಕೆಳಗೆ ಮೂವತ್ತು ಉತ್ತರ. "ಯಾವ ಸಾಲು ಗುರು? ನೀನು ನೋಡಿದ್ದು ಯಾವ ಚಾನೆಲ್ಲು?" "ನಾನು ಟೇಪು ಮಾಡಿಟ್ಟಿದೀನಿ, ಮೂರು ಸಲ ಹಾಕಿ ನೋಡ್ದೆ, ಅಂಬಿಗ ಬಾಯೇ ಬಿಡಲ್ಲ." ಕೊನೆಗೂ ಮಿಲ್ವಾಕೀ ಬಂದಿತ್ತು: "ನಾನು ಕಾದಂಬರಿ ತೆಗೆದು ನೋಡಿದೆ, ಅದರಲ್ಲೂ ಆ ಮಾತಿಲ್ಲ. ಆದರೆ ಅದು ಆ ದೃಶ್ಯಕ್ಕೆ ಎಷ್ಟು ಸರಿಯಾಗಿ ಹೊಂದುತ್ತದೆಂದರೆ, ಯಾರೋ ಬರೆದು ಆಮೇಲೆ ತೆಗೆದದ್ದೇ ಇರಬೇಕು. ಈ 'ಪ್ರೇಕ್ಷಕ' ಪ್ರೇಕ್ಷಕರಲ್ಲ. ಬರೆಯುವ ಕೋಣೆಯೊಳಗೆ ಇದ್ದವರು, ಪಾವ್ಲಕ್ ಮೇಲೆ ಕಹಿಯಿರುವವರು. ಪಾಪ, ಯಾರೋ ನೊಂದವರು." ಅದರ ಕೆಳಗೆ ಊಹೆಗಳ ಜಾತ್ರೆ. ಈ ವರ್ಷ ಬರಹಗಾರರ ಪಟ್ಟಿಯಲ್ಲಿ ಕಾಣದಾದ ಹೆಸರು ಯಾವುದು ಎಂದು ಸೋಫಾ ಸಾಮ್ರಾಟ ಹುಡುಕಿ ಹಾಕಿದ್ದ. ಒಂದೇ ಹೆಸರಿತ್ತು.

ಡೆನ್ನಿಸ್ ಹಣೆಯನ್ನು ಮೇಜಿಗೆ ಆನಿಸಿ ಕೂತ. ಹೋಗಿ ಹೇಳಿಬಿಡಬೇಕು, ಈಗಲೇ. ಹ್ಯಾಲ್, ಫಲಕದಲ್ಲಿ ಅದನ್ನು ಬರೆದದ್ದು ನಾನು. ಯಾಕೆ ಬರೆದೆ ಅನ್ನುತ್ತಾನೆ. ಕೊನೆಯ ಭಾಗ ನನ್ನದಲ್ಲದ್ದರಿಂದ. ಹಾಗಾದರೆ ನಾಲ್ಕು ತಿಂಗಳ ಹಿಂದೆ ಥ್ಯಾಂಕ್ಸ್ ಅಂದೆಯಲ್ಲ ಅನ್ನುತ್ತಾನೆ. ಒಂದನ್ನು ಹೇಳಿದರೆ ಇನ್ನೊಂದು ತಾನಾಗಿ ಬರುತ್ತದೆ, ಅದರ ಹಿಂದೆ ಮತ್ತೊಂದು, ಕೊನೆಗೆ ಕೆಲಸ, ಮನೆ, ಟೊಲೀಡೊದಲ್ಲಿ ವಾಂಡಾ. ಬಾಗಿಲಿನತನಕ ಹೋಗಿ ಹಿಡಿಕೆ ಹಿಡಿದು ಹೊರಗಿನ ನಗು ಕೇಳುತ್ತ ನಿಂತು ಮತ್ತೆ ಬಂದು ಕೂತ. ಊಟದ ಹೊತ್ತಿಗೆ ಅವನ ಹೆಸರು ಬರೆದ ಪೊಟ್ಟಣ ಬಂತು. ದನದ ಮಾಂಸದ ಸ್ಯಾಂಡ್‌ವಿಚ್ಚು, ಉಪ್ಪಿನಕಾಯಿ ಸೌತೆ ಜಾಸ್ತಿ, ಅವನು ಯಾವಾಗಲೂ ತರಿಸುವುದೇ. ಹಸಿವಿರಲಿಲ್ಲ, ಆದರೂ ಒಂದು ಚೂರೂ ಬಿಡದೆ ತಿಂದ. ತಿನ್ನುತ್ತಿರುವವನನ್ನು ಯಾರೂ ಏನೂ ಕೇಳುವುದಿಲ್ಲ.

ಎರಡೂವರೆಗೆ ಹ್ಯಾಲ್ ಕರೆದ. ಪ್ರಚಾರ ವಿಭಾಗದವರು ಫಲಕವನ್ನೆಲ್ಲ ಅಚ್ಚು ಹಾಕಿ ತಂದುಕೊಟ್ಟಿದ್ದರು. ಹಾಳೆಗಳು ಹ್ಯಾಲ್‌ನ ಮೇಜಿನ ಮೇಲೆ ಹರಡಿದ್ದವು, ಒಂದು ಕಡೆ ಕೆಂಪು ಗೆರೆ. ಹ್ಯಾಲ್ ಬೈಯುವವನಂತೆ ಕಾಣಲಿಲ್ಲ. ಎದ್ದು ಬಂದು ಅವನ ಭುಜ ಹಿಡಿದು ಕೂರಿಸಿದ. "ನಿನಗೆ ಬೇಜಾರಾಗಿರುತ್ತೆ ಅಂತ ಗೊತ್ತು ಕಣೋ. ಇಂಥ ಒಳ್ಳೇ ದಿನಾನೇ ಹಾಳು ಮಾಡ್ಬಿಟ್ರು."

"ಇಲ್ಲ, ಹಾಗೇನಿಲ್ಲ," ಅಂದ ಡೆನ್ನಿಸ್. ದನಿ ತನ್ನದಲ್ಲ ಅನ್ನಿಸಿತು.

"ಮೇಲಿನೋರು ಬಹಳ ಖುಷಿಯಾಗಿದಾರೆ. ನಿನ್ನ ಕರಾರು ಇನ್ನೆರಡು ವರ್ಷಕ್ಕೆ ಅಂತ ಬೆಳಿಗ್ಗೇನೇ ಹೇಳಿದ್ರು. ಅದು ಬೇರೆ ಮಾತು." ಹ್ಯಾಲ್ ಕೆಂಪು ಗೆರೆಯ ಮೇಲೆ ಬೆರಳಿಟ್ಟ. "ಇದು ನೋಡು. ನಿನಗೆ ಡಿ ಕೊಟ್ಟಿರೋದು ಹೋಗ್ಲಿ. ನಾವು ಕತ್ತರಿಸಿ ತೆಗೆದ ಸಾಲನ್ನ ಹೊಗಳಿ ನಮಸ್ಕಾರ ಬೇರೆ ಹಾಕ್ಕೊಂಡಿದಾರೆ. ಅದಕ್ಕಾಗಿ ಮೇಜು ಗುದ್ದಿದ್ದು ಯಾರು, ನೆನಪಿದೆಯಾ?"

ಡೆನ್ನಿಸ್ ಹಾಳೆಯ ಮೇಲೆ ಬಗ್ಗಿದ.

"ನಾಕು ವರ್ಷ ನನ್ನ ಜೊತೆ ಇದ್ಲು. ಕೆಳಗಿನೋರಿಗೆ ಫೋನ್ ಮಾಡಿ ಕಣ್ಣುಮುಚ್ಚಿ ತಗೊಳ್ಳಿ ಅನ್ನೋಣ ಅಂತ ನಂಬರು ತೆಗೆದಿಟ್ಟಿದ್ದೆ, ಅಷ್ಟರಲ್ಲಿ ಇದು ಬಂತು. ಒಳಗಿನ ಮಾತು ಬೀದಿಗೆ ಹಾಕೋರನ್ನ ನಾನು ಹೆಂಗೋ ಕಳಿಸ್ಲಿ? ಆದ್ರೆ ಡೆನ್ನಿಸ್, ಸುಮ್ ಸುಮ್ನೆ ಒಬ್ಬಳ ಅನ್ನ ತೆಗೆಯೋ ಪಾಪಾನೂ ನಂಗೆ ಬೇಡ. ಕತ್ತರಿಸಿದ ದಿನ ಹನ್ನೊಂದು ಜನಾನೂ ಕೂತಿದ್ರು, ಯಾರಾದ್ರೂ ಆಗಬಹುದು. ಜಗಳ ಆಡಿದ್ಲು ಅಂದಮಾತ್ರಕ್ಕೆ ಅವಳೇ ಅನ್ನೋಕಾಗಲ್ಲ. ಅವಳು ಎಲ್ಲದಕ್ಕೂ ಜಗಳ ಆಡೋಳು." ಹ್ಯಾಲ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. "ಆ ಎರಡು ದಿನ ಚಿಕ್ಕ ಕೋಣೇಲಿ ನೀವಿಬ್ರೇ ಇದ್ದಿದ್ದು. ಇದನ್ನ ಹಾಕಿದ್ದು ಯಾರು ಅಂತ ನಾನು ನಿನ್ನ ಕೇಳಲ್ಲ, ಅದು ನಿನಗೆ ಹೆಂಗೆ ಗೊತ್ತಿರುತ್ತೆ. ಒಂದೇ ಒಂದು ಹೇಳು. ಸೀನು ನಿಂದು, ಅದು ಗೊತ್ತು. ಈ ಸಾಲೂ ನಿಂದೇನಾ? ನಿಂದಾದ್ರೆ ಅವಳು ಇದನ್ನ ಹಿಂಗೆ ಹೊಗಳಲ್ಲ, ಬೇರೆ ಯಾರೋ ಕಿಡಿಗೇಡಿ ಅಂತ ಬಿಟ್ಟುಬಿಡ್ತೀನಿ. ಇಲ್ಲಾ, ಅವಳು ಬರೆದು ಸೇರಿಸಿದ್ದಾ?"

ನನ್ನದೇ ಅಂದುಬಿಟ್ಟರಾಯಿತು. ಅವಳಿಗೆ ಕೆಲಸ, ವಾರೆನ್‌ಗೆ ಯಂತ್ರ. ಇಡೀ ದೃಶ್ಯವನ್ನೇ ಒಂದು ಮಾತೂ ಆಡದೆ ನುಂಗಿಕೊಂಡವನಿಗೆ ಇನ್ನೊಂದು ಸಾಲು ಯಾವ ಭಾರ? ಹೇಳಲು ಬಾಯಿ ತೆರೆದ. ಆದರೆ ಸಾಲೂ ತನ್ನದೇ ಅಂದರೆ, ಬೇರೆ ಯಾರಿಗೂ ಬೇಡದ ಅದನ್ನು ಹೊಗಳಿ ನಮಸ್ಕಾರ ಹಾಕಿದವನು ಯಾರೆಂದು ಹ್ಯಾಲ್ ಒಂದೇ ಒಂದು ಸಲ ತಲೆಯೆತ್ತಿ ತನ್ನ ಮುಖ ನೋಡಿದರೆ ಸಾಕು, ತಿಳಿದುಹೋಗುತ್ತದೆ. ಹ್ಯಾಲ್‌ನ ಕಣ್ಣು ಕೆಂಪು ಗೆರೆಯ ಮೇಲಿಂದ ನಿಧಾನವಾಗಿ ಏಳುತ್ತಿತ್ತು. ಏನೂ ಹೇಳದೆ ಕೂರಬಹುದಾದ ಹೊತ್ತು ಮುಗಿಯುತ್ತ ಬಂತು.

"ಅದು ರೊಬರ್ಟಾದು," ಅಂದ ಡೆನ್ನಿಸ್. "ಆ ಸಾಲು ಅವಳೇ ಬರೆದಿದ್ದು."

"ಗೊತ್ತಿತ್ತು ನಂಗೆ," ಅಂದ ಹ್ಯಾಲ್ ಬೇಸರದಿಂದ. "ಅಲ್ಲಿ ಮಾತು ಬೇಕಿಲ್ಲ ಅಂತ ನಿನಗೆ ಗೊತ್ತಾಗುತ್ತೆ, ಅವಳಿಗೆ ಗೊತ್ತಾಗಲ್ಲ." ಕೆಳಗಿನವರ ನಂಬರು ಬರೆದಿಟ್ಟಿದ್ದ ಚೀಟಿ ಹುಡುಕಿ ಫೋನೆತ್ತಿಕೊಂಡ. ಡೆನ್ನಿಸ್ ಏಳಹೋದಾಗ, ಇರು, ಹೋಗಬೇಡ ಎಂದು ಕೈಸನ್ನೆ ಮಾಡಿ ಕೂರಿಸಿದ. ಆ ಕಡೆ ಗಂಟೆ ಬಾರಿಸುತ್ತಿರುವುದು ಡೆನ್ನಿಸ್‌ಗೂ ಕೇಳಿಸುತ್ತಿತ್ತು. ಹತ್ತು ತಿಂಗಳಲ್ಲಿ ಅವನು ಹೇಳಿದ ಮೊದಲ ನಿಜ ಅದು. ಅದರ ಮುಂದಿನದೂ, ಸೀನೂ ಅವಳದೇ ಎಂಬುದು, ನಾಲಿಗೆಯ ಮೇಲೇ ಇತ್ತು, ಅಷ್ಟರಲ್ಲಿ ಆ ಕಡೆ ಫೋನನ್ನು ಯಾರೋ ಎತ್ತಿಕೊಂಡರು.